ಕರ್ಬಲಾದ ಕಣ್ಣೀರು ನಮ್ಮ ಸಾಲ ತೀರಿಸದು

ಶುಭ ಶುಕ್ರವಾರದಂದು ಕ್ರೈಸ್ತ ಬಾಂಧವರು ಏಸುವಿನ ಯಾತನೆಯನ್ನು ನೆನೆದು ಶೋಕಿಸುವಾಗ ನಮ್ಮಲ್ಲಿ ಕೆಲವರಿಗೆ ವಾದದ ಉತ್ಸಾಹ ಹುಟ್ಟುತ್ತದೆ. ಈಸಾ(ಅ)ರನ್ನು ಶಿಲುಬೆಗೇರಿಸಲಾಗಲಿಲ್ಲವೆಂದು ಪವಿತ್ರ ಕುರ್‌ಆನ್ (4:157) ಸಾರಿದೆ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರಲಾರರೆಂದೂ (6:164) ಅದು ಸ್ಪಷ್ಟಪಡಿಸಿದೆ. ಆದಮ್(ಅ)ರ ತಪ್ಪನ್ನು ಅಲ್ಲಾಹನು ಮನ್ನಿಸಿದ್ದು ಅವರ ಪಶ್ಚಾತ್ತಾಪಕ್ಕೆ. ಅದಕ್ಕಾಗಿ ಯಾರ ರಕ್ತವನ್ನೂ ಅವನು ಕೇಳಲಿಲ್ಲ. ಇದು ನಮ್ಮ ವಿಶ್ವಾಸ, ಇದರಲ್ಲಿ ರಾಜಿಯಿಲ್ಲ.

ಆದರೆ ಮೊಹರಮ್ ಬಂದಾಗ ಈ ವಿಶ್ವಾಸ ಎಲ್ಲಿ ಅಡಗುತ್ತದೆ? ಉತ್ತರ ಕರ್ನಾಟಕದ ಊರೂರುಗಳಲ್ಲಿ ಪಂಜಾ ಹೊತ್ತು, ಅಲಾಯಿ ಕುಣಿ ಸುತ್ತಿ, ಕರ್ಬಲಾದ ಪದಗಳಿಗೆ ಕಣ್ಣೀರಿಟ್ಟು, ಮರುದಿನ ಹಗುರಾದವರಂತೆ ಮನೆಗೆ ಮರಳುತ್ತೇವೆ. ಹಿಜರಿ 61ರಲ್ಲಿ ಹುಸೈನ್(ರ)ರು ಪಟ್ಟ ಪಾಡು ನಮ್ಮ ಲೆಕ್ಕಕ್ಕೆ ಜಮೆಯಾಯಿತೇ? ಬಾಯಿಯಲ್ಲಿ ಅಲ್ಲಗಳೆದದ್ದನ್ನೇ ನಡತೆಯಲ್ಲಿ ಒಪ್ಪಿಕೊಂಡೆವಲ್ಲ!

ಇನ್ನೊಂದು ಮಾತನ್ನೂ ಹೇಳಬೇಕು, ಕೆಲವರಿಗೆ ಕಹಿಯಾದರೂ ಸರಿ. ಭಕ್ತ ಕ್ರೈಸ್ತನು ಏಸುವಿನ ಯಾತನೆಗೆ ತನ್ನ ಪಾಪವೇ ಕಾರಣವೆಂದು ಎದೆ ಬಡಿದುಕೊಳ್ಳುತ್ತಾನೆ. ಅವನ ಸಿದ್ಧಾಂತವನ್ನು ನಾವು ಒಪ್ಪುವುದಿಲ್ಲ. ಆದರೆ ಅವನ ಬೆರಳು ತನ್ನೆಡೆಗೇ ತಿರುಗಿದೆ. ನಮ್ಮದೋ, 680ರ ಯಝೀದನನ್ನು ಶಪಿಸುವಲ್ಲಿಗೆ ನಿಲ್ಲುತ್ತದೆ.

ಅಳುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕಂದ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣುಗಳೂ ಹನಿಗೂಡಿದವು. ಆದರೆ ಕರ್ಬಲಾದಲ್ಲಿ ನಾವು ನೋಡಬೇಕಾದವರು ಹುರ್. ಹುಸೈನ್(ರ)ರ ದಾರಿಗೆ ಅಡ್ಡ ನಿಂತ ಸೇನಾಧಿಕಾರಿ ಅವರೇ. ಅವರ ಬಾಯಾರಿದ ಸೈನಿಕರಿಗೂ ಕುದುರೆಗಳಿಗೂ ನೀರುಣಿಸಿದವರು ಹುಸೈನ್(ರ). ಆಶೂರಾದ ಬೆಳಿಗ್ಗೆ ಹುರ್ ಶತ್ರುಪಾಳೆಯದಲ್ಲಿ ಕುಳಿತು ಮರುಗಲಿಲ್ಲ. ಕುದುರೆಯನ್ನು ತಿರುಗಿಸಿ ಈಚೆ ಬಂದರು, ಅಂದೇ ಹುತಾತ್ಮರಾದರು. ತೌಬಾ ಎಂದರೆ ಹಿಂದಿರುಗುವುದು ಎಂಬ ಅರ್ಥ ಇಲ್ಲಿ ಎಷ್ಟು ನಿಚ್ಚಳ!

ಆಶೂರಾದ ಉಪವಾಸ ಹಿಂದಿನ ವರ್ಷದ ಪಾಪಗಳನ್ನು ಅಳಿಸುತ್ತದೆಂಬ ಹದೀಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ನಿಶ್ಚಯವಾಗಿಯೂ ಇದೆ, ಆ ಉಪವಾಸವನ್ನು ನಾವೂ ಆಚರಿಸುತ್ತೇವೆ. ಅದು ಸಣ್ಣ ಪಾಪಗಳ ಕುರಿತಾದುದೆಂದು ವಿದ್ವಾಂಸರು ವಿವರಿಸಿದ್ದಾರೆ. ಜನರ ಹಕ್ಕನ್ನು ನುಂಗಿದವನು ಅದನ್ನು ಮರಳಿಸಬೇಕು, ಇಲ್ಲವೇ ಅವರಿಂದಲೇ ಕ್ಷಮೆ ಪಡೆಯಬೇಕು.

ಆದ್ದರಿಂದ ಕರೋಶಿಯಲ್ಲಿರಲಿ, ರಾಯಬಾಗ, ಅಥಣಿಗಳಲ್ಲಿರಲಿ, ಈ ವರ್ಷ ಹುಸೈನ್(ರ)ರಿಗಾಗಿ ಅಳುವ ಸಹೋದರರನ್ನು ನಾವು ಒಂದೇ ಪ್ರಶ್ನೆ ಕೇಳುತ್ತೇವೆ. ಸೂರಃ ಅನ್ನಿಸಾದ 11ನೇ ವಚನ ಹೆಣ್ಣುಮಕ್ಕಳಿಗೆ ಪಾಲು ಗೊತ್ತುಪಡಿಸಿದೆ. ತಂದೆ ಬಿಟ್ಟುಹೋದ ಕಬ್ಬಿನ ಹೊಲದಲ್ಲಿ ತಂಗಿಯ ಪಾಲೆಲ್ಲಿ? ಒಂದು ಸೀರೆ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ನಾವು ಯಾವ ಪಾಳೆಯದಲ್ಲಿದ್ದೆವು? ಪಂಜಾ ಏಳುವ ಮುನ್ನ ಅವಳ ಮನೆಗೆ ಹೋಗಿಬರಲು ಇನ್ನೂ ಸಮಯವಿದೆ.