ನಳದ ನೀರು ಕದಡಿದರೆ ಹೊಣೆ ಯಾರದು?

ನಿಡಗುಂದಿ: ಮುಂಗಾರು ಚುರುಕಾಗುತ್ತಿದ್ದಂತೆ ಕೃಷ್ಣೆಗೆ ‘ಹೊಸ ನೀರು’ ಬರುತ್ತದೆ. ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಸುರಿದ ಮಳೆಯು ದಾರಿಯುದ್ದಕ್ಕೂ ಮಣ್ಣು ಹೊತ್ತು ಆಲಮಟ್ಟಿ ಜಲಾಶಯ ಸೇರುವ ಹೊತ್ತಿಗೆ ನದಿಯ ಬಣ್ಣವೇ ಬದಲಾಗಿರುತ್ತದೆ. ರೈತರಿಗೆ ಇದು ಸಂತಸದ ಸುದ್ದಿ. ಆದರೆ ಅದೇ ನೀರನ್ನು ಸೋಸಿ ಮನೆಮನೆಗೆ ತಲುಪಿಸಬೇಕಾದ ಶುದ್ಧೀಕರಣ ಘಟಕಗಳಿಗೆ ಇದು ವರ್ಷದ ಅತಿ ಕಠಿಣ ಪರೀಕ್ಷೆ. ಆ ಪರೀಕ್ಷೆಯಲ್ಲಿ ಘಟಕ ಸೋತರೆ ನಳದಲ್ಲಿ ಬರುವುದು ರಾಡಿ ನೀರು. ನದಿ ನೀರನ್ನು ಬಿಟ್ಟು ಕೊಳವೆಬಾವಿಯ ಮೊರೆ ಹೋದರೆ ಪಾತ್ರೆಯ ತಳದಲ್ಲಿ ಸುಣ್ಣದಂತಹ ಬಿಳಿ ಪದರ.

ಈ ಎರಡನ್ನೂ ‘ಕೆಟ್ಟ ನೀರು’ ಎಂಬ ಒಂದೇ ಮಾತಿನಲ್ಲಿ ಹೇಳುವುದು ರೂಢಿ. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ ಸಮಸ್ಯೆಗಳು. ಕಾರಣ ಬೇರೆ, ಅಪಾಯದ ಪ್ರಮಾಣ ಬೇರೆ, ಪರಿಹಾರವೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಬಳಸಿದರೆ ಹಣವೂ ವ್ಯರ್ಥ, ಆರೋಗ್ಯಕ್ಕೂ ರಕ್ಷಣೆಯಿಲ್ಲ.

ಗಾಜಿನ ಲೋಟದ ಪರೀಕ್ಷೆ

ನಳದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ. ಹಾಲಿನಂತೆ ಬೆಳ್ಳಗಿದ್ದ ನೀರು ಕೆಲವೇ ನಿಮಿಷಗಳಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಕೊಳವೆಯಲ್ಲಿನ ಒತ್ತಡದಿಂದ ಸೇರಿದ ಗಾಳಿಯ ಗುಳ್ಳೆ; ಅಪಾಯವಿಲ್ಲ. ಗಂಟೆಗಳ ನಂತರ ತಳದಲ್ಲಿ ಕೆಸರು ನಿಂತರೆ ಅದು ಮಣ್ಣು ಅಥವಾ ಕೊಳವೆಯ ತುಕ್ಕು. ನೀರು ಸ್ವಚ್ಛವಾಗಿಯೇ ಕಂಡು, ಕಾಯಿಸಿದಾಗ ಮಾತ್ರ ಮಬ್ಬಾಗಿ ಬಿಳಿ ಪುಡಿ ಉಳಿದರೆ ಅದು ಗಡಸುತನ.

ವಿಜಯಪುರ ಜಿಲ್ಲೆಯ ಬಹುಭಾಗದ ನೆಲ ಡೆಕ್ಕನ್ ಟ್ರ್ಯಾಪ್‌ನ ಕಪ್ಪು ಶಿಲೆಯದು. ತಾಳಿಕೋಟೆಯ ಕಡೆ ಸುಣ್ಣಕಲ್ಲಿನ ಪದರಗಳಿವೆ. ಇಂತಹ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಅಂತರ್ಜಲ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಕಾಯಿಸಿದಾಗ ಅದರಲ್ಲಿನ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ ಪಾತ್ರೆಗೂ ಗೀಸರಿನ ಕಾಯಿಲ್‌ಗೂ ಅಂಟುತ್ತದೆ. ಬೇಳೆ ಬೇಗ ಬೇಯದಿರುವುದಕ್ಕೂ, ಸಾಬೂನು ನೊರೆ ಕೊಡದಿರುವುದಕ್ಕೂ ಇದೇ ಕಾರಣ.

ಯಾವುದು ಹೆಚ್ಚು ಅಪಾಯ?

ಕಣ್ಣಿಗೆ ಬೀಳುವ ಬಿಳಿ ಪದರವೇ ಜನರನ್ನು ಹೆಚ್ಚು ಹೆದರಿಸುತ್ತದೆ. ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಇಂತಹ ನೇರ ಸಂಬಂಧ ದೃಢಪಟ್ಟಿಲ್ಲ. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದಲ್ಲಿ 600ರವರೆಗೆ ಅವಕಾಶವಿದೆ.

ಕದಡುವಿಕೆಯ ವಿಷಯದಲ್ಲಿ ಅದೇ ಮಾನದಂಡ ಬಹಳ ಬಿಗಿಯಾಗಿದೆ. 1 ಎನ್‌ಟಿಯು ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದಿದ್ದರೂ 5 ಎನ್‌ಟಿಯು ಮೀರುವಂತಿಲ್ಲ. ಇದಕ್ಕೆ ಕಾರಣವಿದೆ. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ. ಮಬ್ಬು ನೀರಿನಲ್ಲಿ ನೇರಳಾತೀತ ಕಿರಣದ ಯಂತ್ರವೂ ಸರಿಯಾಗಿ ಕೆಲಸ ಮಾಡದು. ಮಳೆಗಾಲದಲ್ಲಿ ಒಡೆದ ಕೊಳವೆಯೊಳಗೆ ಚರಂಡಿ ನೀರು ಸೇರಿದರೂ ಮೊದಲ ಸುಳಿವು ನೀಡುವುದು ಬಣ್ಣ ಮತ್ತು ವಾಸನೆಯೇ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಸೇವಿಸಿ ಅನೇಕರು ಆಸ್ಪತ್ರೆ ಸೇರಿ, ಸಾವುಗಳೂ ಸಂಭವಿಸಿದಾಗ ಶುದ್ಧೀಕರಣ ಘಟಕದ ನಿರ್ವಹಣೆಯೇ ಪ್ರಶ್ನೆಗೆ ಒಳಗಾಗಿತ್ತು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರು ಜೀವಗಳನ್ನು ಬಲಿ ಪಡೆಯಿತು.

ಇವೆರಡಕ್ಕಿಂತ ಮೋಸದ ಮೂರನೆಯ ಅಪಾಯವೆಂದರೆ ಕಾಣದ ಲವಣಗಳು. ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗಳಿಗೆ ಹಾನಿ. ನೈಟ್ರೇಟ್ 45 ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ. ಇವುಗಳಿಗೆ ಬಣ್ಣವಿಲ್ಲ, ಪದರವಿಲ್ಲ. ಕಾಯಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇವುಗಳ ಪ್ರಮಾಣ ಹೆಚ್ಚುತ್ತದೆ.

ಮನೆಯಲ್ಲಿ ಆಗುವುದು, ಆಗದಿರುವುದು

ರಾಡಿ ನೀರಿಗೆ ಹಳೆಯ ಮದ್ದು ಪಟಿಕ. ಕೊಡದ ನೀರಿನಲ್ಲಿ ಪಟಿಕದ ತುಂಡನ್ನು ಕೆಲವು ಸುತ್ತು ತಿರುಗಿಸಿ, ಕೆಲವು ಗಂಟೆ ಅಲುಗಾಡಿಸದೆ ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ನುಗ್ಗೆ ಬೀಜದ ಪುಡಿಗೂ ಈ ಗುಣವಿದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ. ಮೇಲಿನ ನೀರನ್ನು ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಬಳಿಕ ಕನಿಷ್ಠ ಒಂದು ನಿಮಿಷ ಕುದಿಸಬೇಕು. ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು.

ಗಡಸು ನೀರಿಗೆ ಪಟಿಕದಿಂದ ಪ್ರಯೋಜನವಿಲ್ಲ. ಕುದಿಸಿ, ಆರಿಸಿ, ಸೋಸಿದರೆ ಗಡಸುತನದ ಒಂದು ಭಾಗ ಕಡಿಮೆಯಾಗುತ್ತದೆ; ಸಲ್ಫೇಟ್ ಮತ್ತು ಕ್ಲೋರೈಡ್ ರೂಪದಲ್ಲಿರುವುದು ಹಾಗೆಯೇ ಉಳಿಯುತ್ತದೆ. ಪಾತ್ರೆಗೆ ಅಂಟಿದ ಪದರವನ್ನು ಲಿಂಬೆರಸ, ಹುಣಸೆ ನೀರು ಅಥವಾ ವಿನೆಗರ್‌ನಲ್ಲಿ ನೆನೆಸಿ ತೆಗೆಯಬಹುದು. ಬಚ್ಚಲು ತೊಳೆಯುವ ಆ್ಯಸಿಡ್ ಬಳಸುವುದು ಸಲ್ಲದು. ಅದನ್ನು ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ಆರ್‌ಒ ಯಂತ್ರ ಲವಣಗಳನ್ನು, ಫ್ಲೋರೈಡನ್ನೂ ತೆಗೆಯುತ್ತದೆ ಎಂಬುದು ನಿಜ. ಆದರೆ ಸಾಮಾನ್ಯ ಗೃಹಬಳಕೆಯ ಯಂತ್ರ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಇದರ ಬಳಕೆ ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತ್ತು. ಕೇವಲ ಮಣ್ಣಿನಿಂದ ಕದಡಿದ ನದಿ ನೀರಿಗೆ ಸಾವಿರಾರು ರೂಪಾಯಿಯ ಆರ್‌ಒ ಅಳವಡಿಸುವುದು ರೋಗ ಒಂದು, ಮದ್ದು ಇನ್ನೊಂದು ಎಂಬಂತೆ.

ಪರೀಕ್ಷೆಯೇ ಮೊದಲ ಹೆಜ್ಜೆ

ನೀರನ್ನು ತಂಗಿಸಿ ಮಣ್ಣನ್ನು ಬೇರ್ಪಡಿಸುವ ವಿದ್ಯೆ ಈ ಜಿಲ್ಲೆಗೆ ಹೊಸದಲ್ಲ. ಆದಿಲ್‌ಶಾಹಿ ಅರಸರು ವಿಜಯಪುರಕ್ಕೆ ಕೊಳವೆಗಳ ಮೂಲಕ ನೀರು ತಂದಾಗ ಮಾರ್ಗಮಧ್ಯೆ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿಸಿದ್ದರು. ನೀರಿನ ಒತ್ತಡ ತಗ್ಗಿಸುವುದರ ಜೊತೆಗೆ ಹೂಳು ತಳದಲ್ಲಿ ನಿಲ್ಲುವಂತೆ ಮಾಡುವುದೂ ಅವುಗಳ ಕೆಲಸವಾಗಿತ್ತು. ನೀರು ಮನೆ ತಲುಪುವ ಮೊದಲೇ ಸ್ವಚ್ಛವಾಗಬೇಕು, ಅದು ಪೂರೈಸುವವರ ಕರ್ತವ್ಯ ಎಂಬ ತಿಳಿವಳಿಕೆ ಅಂದೇ ಇತ್ತು.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೆ ತಲಾ ದಿನಕ್ಕೆ 55 ಲೀಟರ್ ನೀರಿನ ಗುರಿ ಹೊಂದಿದೆ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟಿಸಲಾಯಿತು. ನಳ ಜೋಡಿಸಿದ ಮಾತ್ರಕ್ಕೆ ಗುರಿ ಮುಟ್ಟಿದಂತಲ್ಲ. ನಿಗದಿತ ಗುಣಮಟ್ಟದ ನೀರು ಕೊಡುವುದೂ ಅದೇ ಯೋಜನೆಯ ಮಾತು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕೆಂಬ ನಿಯಮ ಅದರಲ್ಲಿದೆ. ಕಿಟ್ ಎಲ್ಲಿದೆ, ಕೊನೆಯ ಬಾರಿ ಯಾವಾಗ ಬಳಕೆಯಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಪಟ್ಟಣದವರು ಪಟ್ಟಣ ಪಂಚಾಯಿತಿಯನ್ನು ಕೇಳಬೇಕು.

ಪಟಿಕ, ಬಟ್ಟೆ, ಒಲೆಯ ಉರಿ ಮನೆಯವರ ಕೈಯಲ್ಲಿವೆ. ಸೋಸುವ ಮರಳಿನ ಹಾಸಿಗೆಯನ್ನು ತೊಳೆಯುವುದು, ಮೇಲ್ತೊಟ್ಟಿಯ ಹೂಳು ತೆಗೆಯುವುದು, ಒಡೆದ ಕೊಳವೆ ಬದಲಿಸುವುದು, ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಹಾಕುವುದು ಅವರ ಕೈಯಲ್ಲಿಲ್ಲ. ಆಲಮಟ್ಟಿ ಅಣೆಕಟ್ಟೆಗಾಗಿ ಈ ಭಾಗದ ಜನ ಹೊಲ, ಮನೆ, ಊರುಗಳನ್ನೇ ಬಿಟ್ಟುಕೊಟ್ಟಿದ್ದಾರೆ. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡ ಆ ಜಲಾಶಯದ ದಂಡೆಯಲ್ಲಿರುವವರಿಗೆ ಸೋಸಿದ, ಪರೀಕ್ಷಿಸಿದ ನೀರು ಸಿಗಬೇಕಾದುದು ನ್ಯಾಯ. ಮುಂಗಾರಿಗೆ ಮೊದಲೇ ಘಟಕಗಳ ದುರಸ್ತಿ ಮುಗಿಸುವುದು ಅದಕ್ಕೆ ಆಡಳಿತ ಇಡಬಹುದಾದ ಮೊದಲ ಹೆಜ್ಜೆ.