ಅನ್ನಕ್ಕೆ ಅಂಜುವ ರೋಗ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬುದು ನಮ್ಮ ಹಿರಿಯರ ಮಾತು. ಆದರೆ ಊಟವೇ ರೋಗದ ನೆಲೆಯಾಗುವುದೂ ಉಂಟು. ಅನ್ನ ಎದುರಿಗಿದ್ದೂ ಉಣ್ಣಲಾರದೆ ದಿನದಿನಕ್ಕೆ ಸವೆಯುವವರು, ಉಂಡದ್ದನ್ನು ಗುಟ್ಟಾಗಿ ಹೊರಹಾಕುವವರು, ತಡೆಯಲಾರದೆ ಮಿತಿಮೀರಿ ಉಂಡು ನಾಚಿಕೆಯಿಂದ ಕುಗ್ಗುವವರು ನಮ್ಮ ಕೇರಿಗಳಲ್ಲಿಯೇ ಇದ್ದಾರೆ. ದುಡಿದುಣ್ಣುವ ಮನೆಗಳಲ್ಲಿ ಇದಕ್ಕೆ ಸಿದ್ಧವಾಗಿರುವ ಉತ್ತರ ಒಂದೇ: “ಹೊಟ್ಟೆ ತುಂಬಿದವರ ಸೋಗು, ಹಸಿದರೆ ತಾನಾಗಿ ಉಣ್ಣುತ್ತಾಳೆ.” ಈ ಉತ್ತರ ತಪ್ಪು. ಮನಸ್ಸಿನ ಕಾಯಿಲೆಗಳ ಪೈಕಿ ಅತಿ ಹೆಚ್ಚು ಪ್ರಾಣ ತೆಗೆಯುವವುಗಳ ಸಾಲಿಗೆ ಸೇರಿದ್ದನ್ನು ಸೋಗೆಂದು ತಳ್ಳಿಹಾಕುವುದು ನಮ್ಮ ಮಕ್ಕಳನ್ನೇ ಕೈಬಿಟ್ಟಂತೆ.

ಇದು ನಿನ್ನೆ ಮೊನ್ನೆಯ ಷೋಕಿಯಲ್ಲ. ಊಟ ತೊರೆದು ಕೃಶವಾಗುವ ಈ ರೋಗವನ್ನು 1873ರಲ್ಲಿಯೇ ಲಂಡನ್ನಿನ ವೈದ್ಯ ವಿಲಿಯಂ ಗಲ್, ಪ್ಯಾರಿಸಿನ ವೈದ್ಯ ಲಾಸೇಗ್ ವರ್ಣಿಸಿದರು. ಗಲ್ ಅದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟರು. ಮಿತಿಮೀರಿ ತಿಂದು ಹೊರಹಾಕುವ ಬುಲಿಮಿಯಾ ಎಂಬ ರೋಗವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಬೇರೆಯಾಗಿ ಗುರುತಿಸಿದರು.

ಹಸಿವೆಯೇ ಮನಸ್ಸನ್ನು ಕೆಡಿಸುತ್ತದೆಂಬುದಕ್ಕೂ ಪುರಾವೆ ಇದೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು, ಯುದ್ಧಕ್ಕೆ ಹೋಗಲೊಪ್ಪದ 36 ಮಂದಿ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಆ ಗಟ್ಟಿಗರು ಸಿಡುಕರಾದರು, ಖಿನ್ನರಾದರು, ಹಗಲಿರುಳೂ ಊಟದ್ದೇ ಧ್ಯಾನ ಮಾಡಿದರು. ಮತ್ತೆ ಊಟ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಆದ್ದರಿಂದ ಸೊರಗಿದ ರೋಗಿಗೆ ಬರಿಯ ಬುದ್ಧಿಮಾತು ಹತ್ತುವುದಿಲ್ಲ. ಆಹಾರವೇ ಮೊದಲ ಮದ್ದು.

ಕಾರಣ ಒಂದೇ ಅಲ್ಲ. ಹುಟ್ಟಿನಿಂದ ಬಂದ ಒಲವು, ತನ್ನನ್ನು ತಾನೇ ದಂಡಿಸಿಕೊಳ್ಳುವ ಸ್ವಭಾವ, ಪ್ರಾಯದ ತಳಮಳ, ಮೈಬಣ್ಣ ಮೈಕಟ್ಟುಗಳ ಮೇಲಿನ ಚುಚ್ಚುಮಾತು, ಅನುಭವಿಸಿದ ದೌರ್ಜನ್ಯ ಇವೆಲ್ಲ ಕೂಡುತ್ತವೆ. ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೂ ಕೂಡುತ್ತದೆ. ಮೈತುಂಬಿದವರನ್ನೇ ಮೆಚ್ಚುತ್ತಿದ್ದ ಫಿಜಿ ದ್ವೀಪದ ಒಂದು ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಹುಡುಗಿಯರು ಆಗಿನ ವಿಚಾರಣೆಯಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. 1998ರಲ್ಲಿ 100ಕ್ಕೆ 11 ಮಂದಿ ಸಿಕ್ಕರು ಎಂದು ಆನ್ ಬೆಕರ್ ವರದಿ ಮಾಡಿದರು. ಟೆಲಿವಿಷನ್ ಒಂದೇ ಕಾರಣವೆನ್ನಲಾಗದು; ಆದರೆ ಅದನ್ನು ನಿರಪರಾಧಿಯೆನ್ನಲೂ ಆಗದು. ಇಂದು ಆ ಪರದೆ ಪ್ರತಿ ಮಗುವಿನ ಅಂಗೈಯಲ್ಲಿದೆ.

ಇದು ಸಿರಿವಂತರ ರೋಗವೆಂಬುದೂ ಸುಳ್ಳು. ಅಮೆರಿಕದ ಟೆಕ್ಸಾಸಿನಲ್ಲಿ ಧರ್ಮದ ಧಾನ್ಯ ಪಡೆಯಲು ಬರುವ ಬಡವರನ್ನು ವಿಚಾರಿಸಿದಾಗ, ಊಟದ ಅಭಾವ ಹೆಚ್ಚಿದ ಮನೆಗಳಲ್ಲಿಯೇ ಮಿತಿಮೀರಿ ತಿನ್ನುವ ರೋಗವೂ ಹೆಚ್ಚಿದ್ದುದು 2017ರಲ್ಲಿ ಪ್ರಕಟವಾಯಿತು. ಗಂಡಸರಿಗೂ ಈ ರೋಗ ತಗಲುತ್ತದೆ.

ಗುರುತಿಸುವುದು ಹೇಗೆ? ಬೇಗ ಬೇಗ ತೂಕ ಇಳಿಯುವುದು, ಮುಟ್ಟು ನಿಲ್ಲುವುದು, ತಲೆಸುತ್ತು, ಸದಾ ಚಳಿ, ಉಂಡ ಕೂಡಲೆ ಬಚ್ಚಲಿಗೆ ಧಾವಿಸುವುದು, ಎಲ್ಲರ ಜತೆ ಉಣ್ಣಲು ನೆಪ ಹೇಳುವುದು. ನಮ್ಮ ದೇಶದ ರೋಗಿಗಳಲ್ಲಿ ಹಲವರು ದಪ್ಪಗಾಗುವ ಭಯವನ್ನು ಹೇಳುವುದೇ ಇಲ್ಲ. “ಹಸಿವಿಲ್ಲ, ಹೊಟ್ಟೆ ಉಬ್ಬರ” ಎನ್ನುತ್ತಾರೆ. ಮನೆಯವರು ಟಾನಿಕ್ಕು, ತಾಯಿತಗಳ ಹಿಂದೆ ಅಲೆಯುತ್ತಾರೆ. ಈ ರೋಗಕ್ಕೆ ಒಂದೇ ರಕ್ತಪರೀಕ್ಷೆಯೆಂಬುದಿಲ್ಲ. ವೈದ್ಯರು ಸಮಾಧಾನದಿಂದ ಕೇಳಿ ತಿಳಿಯಬೇಕು. ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ರೋಗಗಳು ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಾಡಿ, ಹೃದಯ, ರಕ್ತದ ಪೊಟ್ಯಾಸಿಯಂ ನೋಡಬೇಕು. ತೂಕ ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಅರ್ಥವಲ್ಲ.

ಚಿಕಿತ್ಸೆ ಉಂಟು. ಆದರೆ ಬಹಳ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದು ಅಪಾಯ. ರಕ್ತದ ಲವಣಗಳು ಕುಸಿದು ಹೃದಯವೇ ನಿಲ್ಲಬಹುದು. ಅದು ವೈದ್ಯರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ನಡೆಯಬೇಕು. ಎಳೆಯರ ವಿಷಯದಲ್ಲಿ ಲಂಡನ್ನಿನ ಮಾಡ್ಸ್‌ಲೀ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಫಲಕೊಟ್ಟಿದೆ: ತಂದೆತಾಯಿಗಳನ್ನು ದೂರದೆ, ಮಗುವನ್ನೂ ದೂರದೆ, ಊಟದ ಹೊಣೆಯನ್ನು ಕೆಲಕಾಲ ತಂದೆತಾಯಿಗಳಿಗೇ ಒಪ್ಪಿಸುವುದು. ದೊಡ್ಡವರಿಗೆ ಯೋಚನೆ ಮತ್ತು ರೂಢಿಗಳನ್ನು ತಿದ್ದುವ ಮಾತಿನ ಚಿಕಿತ್ಸೆ ಇದೆ. ಬುಲಿಮಿಯಾಕ್ಕೆ ಔಷಧಿಯೂ ನೆರವಾಗುತ್ತದೆ. ತಿಂಗಳುಗಳು, ವರ್ಷಗಳೇ ಹಿಡಿಯಬಹುದು. ಆದರೂ ಗುಣವಾದವರು ಬಹಳ ಮಂದಿ. ಹೊಡೆತ, ಹಂಗಿಸುವಿಕೆಗಳಿಂದ ಗುಣವಾದವರಿಲ್ಲ.

ಖರ್ಚು ಯಾರದು? 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರ್ಕಾರಿ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. ವಿಮಾ ಕಂಪೆನಿಗಳು ದೇಹದ ರೋಗದಂತೆಯೇ ಮನಸ್ಸಿನ ರೋಗಕ್ಕೂ ರಕ್ಷಣೆ ಕೊಡಬೇಕೆಂದು ವಿಧಿಸಿದೆ. ನಮ್ಮ ನಾಡು ಈ ಕೆಲಸಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು; 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮಾದರಿ ಕೊಟ್ಟ ನಾಡಿನಲ್ಲಿ ಜಿಲ್ಲಾ ಆಸ್ಪತ್ರೆಗಳು ಹಿಂದೆ ಬೀಳಕೂಡದು.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮನೋವೈದ್ಯರ ಜತೆಗೆ ಆಹಾರತಜ್ಞರಿರಲಿ, ಇಂಥ ರೋಗಿಗಳಿಗೆ ಹಾಸಿಗೆ ಇರಲಿ. ಇ.ಎಸ್.ಐ. ದವಾಖಾನೆಯ ವೈದ್ಯರಿಗೆ ಈ ರೋಗ ಗುರುತಿಸುವ ತರಬೇತಿ ಸಿಗಲಿ. ಶಾಲೆಗಳಲ್ಲಿ ಮಕ್ಕಳ ತೂಕವನ್ನು ತರಗತಿಯ ಮುಂದೆ ಕೂಗಿ ಹೇಳುವುದು ನಿಲ್ಲಲಿ. ಅಂಗಡಿಕಾರ ಮಿತ್ರರಲ್ಲಿ ಒಂದು ವಿನಂತಿ: ಮೈ ಕರಗಿಸುವುದಾಗಿ ಬೂಟಾಟಿಕೆ ಮಾಡುವ ಪುಡಿ ಗುಳಿಗೆಗಳನ್ನು ಎಳೆಯರ ಕೈಗೆ ಮಾರಬೇಡಿರಿ, ಆ ನಾಲ್ಕು ಕಾಸಿನ ಲಾಭ ನಿಮ್ಮ ಗಿರಾಕಿಯ ಮನೆಯನ್ನೇ ಹಾಳುಮಾಡೀತು.

ಮನೆಯಲ್ಲಿ ಅನುಮಾನ ಬಂದವರು ಕಾಯುತ್ತ ಕೂರಬೇಡಿರಿ. 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416ಕ್ಕೆ ಬಿಟ್ಟಿಯಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮೂರ್ಛೆ, ಎದೆನೋವು, ಬದುಕು ಬೇಡವೆಂಬ ಮಾತು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ.