ನಕ್ಷತ್ರದ ಕೋಟೆಯನ್ನು ನೋಡುವ ಬಗೆ

ಪರೀಕ್ಷೆಗಳು ಮುಗಿದು ರಜೆ ಮೊದಲಾದೊಡನೆ ವಿದ್ಯಾರ್ಥಿಗಳ ತಂಡಗಳು ಸಕಲೇಶಪುರದ ಕಡೆಗೆ ಹೊರಡುತ್ತವೆ. ಆಲೂರನ್ನು ದಾಟಿದ ಮೇಲೆ ಬಯಲು ಹಿಂದೆ ಸರಿದು, ಕಾಫಿಯ ತೋಟಗಳೂ ಹಸುರು ಗುಡ್ಡಗಳೂ ಎದುರಾಗುತ್ತವೆ. ಸಕಲೇಶಪುರದಿಂದ ಮಂಗಳೂರಿನ ಹೆದ್ದಾರಿಯಲ್ಲಿ ಐದಾರು ಕಿಲೋಮೀಟರು ಹೋದರೆ, ಸಮುದ್ರಮಟ್ಟದಿಂದ ಸುಮಾರು 988 ಮೀಟರು ಎತ್ತರದ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆಯಿದೆ. ತರುಣರು ಸುಮಾರು 250 ಮೆಟ್ಟಿಲುಗಳನ್ನು ಏದುತ್ತ ಹತ್ತಿ, ಒಳಗೆ ಒಂದು ಸುತ್ತು ಹಾಕಿ, ‘ನಕ್ಷತ್ರವೆಲ್ಲಿ?’ ಎಂದು ಒಬ್ಬರನ್ನೊಬ್ಬರು ಕೇಳಿ, ನಾಲ್ಕಾರು ಛಾಯಾಚಿತ್ರಗಳನ್ನು ತೆಗೆದುಕೊಂಡು ಇಳಿದುಬಿಡುತ್ತಾರೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಅವರು ಕಂಡಿದ್ದ ಎಂಟು ಮೊನೆಗಳ ನಕ್ಷತ್ರವು ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಹತ್ತಿದ್ದು ವ್ಯರ್ಥವಾಯಿತೆಂಬ ಭಾವನೆ ಅನೇಕರಿಗೆ ಉಂಟಾಗುವುದನ್ನು ನಾವು ಕಂಡಿದ್ದೇವೆ.

ಈ ನಿರಾಶೆಗೆ ಕೋಟೆಯು ಕಾರಣವಲ್ಲ, ಆ ಚಿತ್ರವೇ ಕಾರಣ ಎಂಬುದು ನಮ್ಮ ಮತ. ಟಿಪ್ಪು ಸುಲ್ತಾನನು 1785ರ ಸುಮಾರಿಗೆ ಆರಂಭಿಸಿದ ಈ ಕೋಟೆಯು 1792ರಲ್ಲಿ ಪೂರ್ಣವಾಯಿತು. ಮನುಷ್ಯನು ಬಲೂನಿನಲ್ಲಿ ಕುಳಿತು ಮೊದಲ ಬಾರಿಗೆ ಪ್ಯಾರಿಸಿನ ಮೇಲೆ ಹಾರಿದ್ದು 1783ರಲ್ಲಿ. ಎಂದರೆ, ಮಂಜರಾಬಾದಿನ ನಕ್ಷತ್ರವನ್ನು ಕಟ್ಟಿಸಿದವನಾಗಲಿ, ಕಟ್ಟಿದವರಾಗಲಿ ಅದನ್ನು ಮೇಲಿನಿಂದ ಒಮ್ಮೆಯೂ ನೋಡಿದವರಲ್ಲ. ಅವರ ಬಳಿ ಇದ್ದದ್ದು ಕಾಗದದ ಮೇಲಿನ ನಕ್ಷೆ, ಗೂಟ, ಹಗ್ಗ ಮತ್ತು ಕೋನಗಳನ್ನು ಅಳೆಯುವ ಜ್ಞಾನ. ಈ ಆಕಾರವು ಹಕ್ಕಿಗಳ ಕಣ್ಣಿಗೆ ಸೊಗಸಾಗಿ ಕಾಣಲೆಂದು ಹುಟ್ಟಿದ್ದಲ್ಲ; ಗೋಡೆಯ ಮೇಲೆ ನಿಂತ ಸಿಪಾಯಿಯ ಕಣ್ಣಿಗಾಗಿ ಹುಟ್ಟಿದ್ದು.

ಅದು ಹೇಗೆಂಬುದನ್ನು ಒಂದು ಹಾಳೆ ಮತ್ತು ಮೂರು ನಾಣ್ಯಗಳಿಂದ ತಿಳಿಯಬಹುದು. ಹಾಳೆಯ ಮೇಲೆ ಅಡ್ಡಲಾಗಿ ಒಂದು ಗೆರೆಯನ್ನೆಳೆಯಿರಿ; ಅದೇ ಕೋಟೆಯ ಗೋಡೆ. ಅದರ ಮೇಲೆ ಸಮ ಅಂತರದಲ್ಲಿ ಮೂರು ನಾಣ್ಯಗಳನ್ನಿಡಿ. ಇವು ಹಳೆಯ ಕಾಲದ ಗುಂಡು ಕೊತ್ತಲಗಳು. ನಡುವಣ ಕೊತ್ತಲದ ಬುಡಕ್ಕೆ ಶತ್ರುವು ಬಂದು ನಿಂತನೆನ್ನಿ. ಆ ಕೊತ್ತಲದ ಮೇಲಿನ ಕಾವಲುಗಾರನು ಹೊರಕ್ಕೆ ಬಾಗದ ಹೊರತು ಅವನನ್ನು ಕಾಣಲಾರ. ಬಾಗಿದರೆ ತಾನೇ ಗುರಿಯಾಗುತ್ತಾನೆ. ಎಡಬಲದ ಕೊತ್ತಲಗಳವರಾದರೂ ಕಾಣಬಲ್ಲರೆ? ಆ ಎರಡು ನಾಣ್ಯಗಳು ಗೋಡೆಯನ್ನು ಸೇರುವ ಬಿಂದುಗಳಿಂದ, ನಡುವಣ ನಾಣ್ಯದ ಹೊರ ಅಂಚನ್ನು ಸೋಕಿಕೊಂಡು ಹೋಗುವಂತೆ ಎರಡು ಗೆರೆಗಳನ್ನೆಳೆದರೆ, ಅವು ನಾಣ್ಯದ ಮುಂದೆ ಒಂದನ್ನೊಂದು ಕತ್ತರಿಸುತ್ತವೆ. ಆ ಗೆರೆಗಳಿಗೂ ನಾಣ್ಯಕ್ಕೂ ನಡುವೆ ಉಳಿಯುವ ಸಣ್ಣ ಮುಕ್ಕೋನವು ಯಾರ ಕಣ್ಣಿಗೂ ಬೀಳದ ಕುರುಡು ಜಾಗ. ಗೋಡೆಗೆ ಸುರಂಗ ತೋಡುವವನಿಗೆ ಅಷ್ಟು ಜಾಗ ಸಾಕು.

ಈಗ ಆ ಮುಕ್ಕೋನವನ್ನೇ ಕಲ್ಲಿನಿಂದ ತುಂಬಿಬಿಟ್ಟರೆ? ಕುರುಡು ಜಾಗ ಮಾಯವಾಗುತ್ತದೆ. ಗುಂಡಗಿದ್ದ ಕೊತ್ತಲಕ್ಕೆ ಮೊನೆ ಬರುತ್ತದೆ. ಕೋಟೆಯ ಸುತ್ತಲೂ ಹೀಗೆಯೇ ಮಾಡುತ್ತ ಹೋದರೆ ಸಿಕ್ಕುವುದೇ ನಕ್ಷತ್ರ. ಒಂದು ಮೊನೆಯ ಬುಡದಲ್ಲಿ ನಿಂತವನು ಪಕ್ಕದ ಮೊನೆಯ ಕೋವಿಗಳ ಎದುರಿಗೇ ನಿಂತಿರುತ್ತಾನೆ.

ಫಿರಂಗಿಯ ಗುಂಡು ಎತ್ತರದ ಗೋಡೆಗಳನ್ನು ಉರುಳಿಸತೊಡಗಿದ ಕಾಲದಲ್ಲಿ, ಇಟಲಿಯ ವಾಸ್ತುಜ್ಞರು ಈ ಪದ್ಧತಿಯನ್ನು ಬೆಳೆಸಿದರು. ಕಾಲುವೆಗಳ ನಗರವೆಂದು ಹೆಸರಾದ ವೆನಿಸ್ಸಿಗೆ ಹೋದವರು ಸೇತುವೆಗಳನ್ನೂ ದೋಣಿಗಳನ್ನೂ ನೋಡಿ ಹಿಂದಿರುಗುತ್ತಾರೆ. ಅದೇ ವೆನಿಸ್ ಗಣರಾಜ್ಯವು 1593ರಲ್ಲಿ ತನ್ನ ಗಡಿಯಲ್ಲಿ ಪಾಲ್ಮನೋವ ಎಂಬ ಒಂಬತ್ತು ಮೊನೆಗಳ ನಕ್ಷತ್ರದಂತಹ ಊರನ್ನೇ ಕಟ್ಟಿಸಿತೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಫ್ರಾನ್ಸಿನಲ್ಲಿ ವೋಬಾನ್ (1633–1707) ಎಂಬ ಎಂಜಿನಿಯರನು ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದನು. ಟಿಪ್ಪುವಿಗೂ ಫ್ರೆಂಚರಿಗೂ ಇದ್ದ ಸ್ನೇಹದಿಂದಾಗಿ, ಆ ವಿದ್ಯೆಯು ಸಹ್ಯಾದ್ರಿಯ ಮಂಜಿನೊಳಕ್ಕೂ ಬಂದಿತು. ದೂರದ ನಗರವೊಂದರ ವೈಭವವನ್ನು ಪಟದಲ್ಲಿ ನೋಡಿ ಹಂಬಲಿಸುವ ನಮ್ಮ ವಿದ್ಯಾರ್ಥಿಗಳಿಗೆ, ಅಲ್ಲಿಯ ಜ್ಯಾಮಿತಿಯ ಬಳಗದ್ದೇ ಒಂದು ಕುಡಿ ಹಾಸನ ಜಿಲ್ಲೆಯಲ್ಲಿದೆಯೆಂದು ಪಾಠಮಾಡುವವರು ಹೇಳಬಾರದೇಕೆ?

ಇಲ್ಲಿ ವಾದಕ್ಕೂ ಎಡೆಯುಂಟು. ಪಾಲ್ಮನೋವವಿರುವುದು ಸಪಾಟಾದ ಬಯಲಿನಲ್ಲಿ. ಫಿರಂಗಿಗಳನ್ನು ಎಳೆದು ತರುವುದೇ ಕಷ್ಟವಾದ ಗುಡ್ಡದ ಮೇಲೆ ನಕ್ಷತ್ರವು ಬೇಕಿತ್ತೆ? ಚಿತ್ರದುರ್ಗದ ಕೋಟೆಯನ್ನು ನೋಡಿ: ಅದರ ಗೋಡೆಗಳು ಬಂಡೆಗಳು ಕರೆದತ್ತ ಹೋಗುತ್ತವೆ, ಮೇಲಿನಿಂದ ನೋಡಿದರೆ ಯಾವ ಆಕೃತಿಯೂ ಕಾಣದು, ಆದರೂ ಅದನ್ನು ಗೆಲ್ಲುವುದು ಸುಲಭವಾಗಿರಲಿಲ್ಲ. ಮಂಜರಾಬಾದಿನಲ್ಲಿ ಗುಡ್ಡಕ್ಕಿಂತ ನಕ್ಷೆಗೇ ಹೆಚ್ಚು ಮರ್ಯಾದೆ ಸಂದಿತೆಂದು ನಮಗೆ ತೋರುತ್ತದೆ. ಅದು ಮಂಗಳೂರಿನ ಬಂದರಿಗೆ ಇಳಿಯುವ ಘಟ್ಟದ ದಾರಿಯನ್ನು ಕಾಯಬೇಕಾಗಿತ್ತು; ಆದರೆ ಅದು ಪೂರ್ಣವಾದ 1792ರಲ್ಲಿಯೇ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಡಬೇಕಾಯಿತು. ನಮ್ಮ ಅಭಿಪ್ರಾಯವನ್ನು ಒಪ್ಪದವರು ಗೋಡೆಯ ಮೇಲೆ ನಿಂತು, ಕೆಳಗಿನ ಇಳಿಜಾರನ್ನು ನೋಡಿ, ನಮ್ಮನ್ನು ತಿದ್ದಲಿ.

ಆದರೆ ನೋಡಲು ಗೋಡೆಗಳು ಉಳಿದಿರಬೇಕಷ್ಟೆ. ಈ ಕೋಟೆಯ ಕಣಶಿಲೆಯ ದಿಮ್ಮಿಗಳನ್ನು ಬಂಧಿಸಿರುವುದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಟ್ಟಾಗ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರಸಿ ಬಳಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುತ್ತದೆ. ಮೊದಲು ಗಟ್ಟಿಯಾಗುವುದು ಅದರ ಹೊರಮೈ. ಹೆಸರು ಕೆತ್ತುವವನ ಮೊಳೆಯು ಈ ಹೊರಮೈಯನ್ನೇ ಸೀಳುತ್ತದೆ. ವರ್ಷಕ್ಕೆ ಸುಮಾರು ಎರಡು ಸಾವಿರ ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ, ಆ ಸೀಳಿನೊಳಗೆ ನೀರಿಳಿದು ಸುಣ್ಣವನ್ನು ಕರಗಿಸುತ್ತದೆ. ಹಿಂದೆಯೇ ಹುಲ್ಲಿನ ಬೇರು ಬರುತ್ತದೆ. ಕೆತ್ತಿದವರ ಪ್ರೇಮವು ಎಷ್ಟು ಕಾಲ ಬಾಳುತ್ತದೆಯೋ ಕಾಣೆವು, ಗಾಯ ಮಾತ್ರ ಬಾಳುತ್ತದೆ.

ಗಾರೆಯ ಮೇಲೆ ನೀರಿನ ಕೆಲಸವನ್ನು ನೋಡಬೇಕೆನ್ನುವವರು ಶೆಟ್ಟಿಹಳ್ಳಿಯ ಚರ್ಚಿಗೂ ಹೋಗಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅದು, ಗೊರೂರಿನ ಅಣೆಕಟ್ಟಿನಿಂದ ಹಿಂದಕ್ಕೆ ಹರಡಿದ ಹೇಮಾವತಿಯಲ್ಲಿ ಜಲಾಶಯವು ತುಂಬಿದಾಗಲೆಲ್ಲ ಅರೆಮುಳುಗಿ, ನೀರು ಇಳಿದ ಮೇಲೆ ಇನ್ನಷ್ಟು ಶಿಥಿಲವಾಗಿ ಹೊರಬರುತ್ತದೆ.

ವೆನಿಸ್ ನಗರವು 2024ರ ಏಪ್ರಿಲ್ 25ರಂದು, ಹಗಲು ಬಂದು ಹಗಲೇ ಹೋಗುವವರಿಂದ ಜನದಟ್ಟಣೆಯ ದಿನಗಳಲ್ಲಿ 5 ಯೂರೋ ಶುಲ್ಕವನ್ನು ಪಡೆಯಲು ಆರಂಭಿಸಿತು. ಮಂಜರಾಬಾದಿನಲ್ಲಿ ವಿದ್ಯಾರ್ಥಿಗಳಿಂದ ಹಣ ಪಡೆಯಬೇಕೆಂದು ನಾವು ಹೇಳೆವು. ಮಳೆಗಾಲದಲ್ಲಿ ಪಾಚಿ ಹಿಡಿದ ಗೋಡೆಯ ತಲೆಯ ಮೇಲೆ ಜನ ಹತ್ತದಂತೆ ತಡೆಯುವುದೂ, ಒಂದು ಮೊನೆಯ ಬಳಿ ದೃಷ್ಟಿರೇಖೆಗಳನ್ನು ತೋರಿಸುವ ಕನ್ನಡದ ಫಲಕವೊಂದನ್ನು ನಿಲ್ಲಿಸುವುದೂ ದುಬಾರಿಯ ಕೆಲಸಗಳಲ್ಲ. ಉಪಾಧ್ಯಾಯರೂ ಮಕ್ಕಳ ಕೈಗೆ ಒಂದು ದಿಕ್ಸೂಚಿಯನ್ನೂ ನೋಟ್ ಪುಸ್ತಕವನ್ನೂ ಕೊಟ್ಟು ಎರಡು ಗಂಟೆ ಅಲ್ಲಿ ಬಿಡಲಿ.

ಕೋಟೆಯ ನಡುವೆ, ಕೂಡಿಸುವ ಚಿಹ್ನೆಯ ಆಕಾರದಲ್ಲಿ ಮೆಟ್ಟಿಲುಗಳಿಳಿಯುವ ಕೊಳವಿದೆ. ಅಳತೆಯನ್ನು ಅಲ್ಲಿಂದ ಆರಂಭಿಸಬಹುದು. ಎಂಟು ಮೊನೆಗಳೂ ಸಮ ಅಂತರದಲ್ಲಿದ್ದರೆ, ಕೋಟೆಯ ಕೇಂದ್ರದಲ್ಲಿ ನಿಂತವರಿಗೆ ಒಂದು ಮೊನೆಯಿಂದ ಮುಂದಿನದಕ್ಕೆ 45 ಡಿಗ್ರಿ ಬರಬೇಕು. ಎಷ್ಟು ಬರುತ್ತದೆಂಬುದನ್ನು ಬರೆದುಕೊಂಡು, ಎಲ್ಲಿ ತಪ್ಪಿದೆಯೋ ಆ ಮೊನೆಯ ಬುಡಕ್ಕೆ ಹೋಗಿ, ಗುಡ್ಡವು ಅಲ್ಲಿ ಹೇಗೆ ಇಳಿಯುತ್ತದೆಂಬುದನ್ನು ನೋಡತಕ್ಕದ್ದು.